ಘಟ್ಟದಲ್ಲಿ ಎಳೆಯದ ಹಳೆ ಆಟೋಮ್ಯಾಟಿಕ್ ಕಾರು: ಗೇರ್ ಬಾಕ್ಸ್ ಬಿಚ್ಚಿಸುವ ಮೊದಲು ಇಷ್ಟು ನೋಡಿ

ಕುಮಟಾದಿಂದ ಶಿರಸಿಗೆ ಬರುವ ರಸ್ತೆಯಲ್ಲಿ ಕಟಗಾಲ ದಾಟಿ ದೇವಿಮನೆ ಘಟ್ಟ ಹತ್ತಲು ಶುರು ಮಾಡಿದ್ದಷ್ಟೇ, ಮೂರನೇ ತಿರುವಿಗೇ ಗೊತ್ತಾಯಿತು ಗಾಡಿಯಲ್ಲಿ ಏನೋ ಸರಿ ಇಲ್ಲ ಅಂತ. ಎಕ್ಸಲರೇಟರ್ ಅರ್ಧಕ್ಕಿಂತ ಜಾಸ್ತಿ ಒತ್ತಿದ್ದೇನೆ, ಇಂಜಿನ್ ಕೂಗುತ್ತಿದೆ, ಆರ್‌ಪಿಎಂ ಮುಳ್ಳು 4,000ದ ಹತ್ತಿರ ನಿಂತಿದೆ, ಸ್ಪೀಡು ಮಾತ್ರ 32 ದಾಟುತ್ತಿಲ್ಲ. ಮಳೆ ಬೇರೆ. ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿದೆ. ಹೇಗೋ ದೇವಿಮನೆ ದೇವಸ್ಥಾನದ ತನಕ ಹತ್ತಿಸಿದೆ. ಮೇಲೆ ಬಂದ ಮೇಲೆ ಇನ್ನೊಂದು ತೊಂದರೆ. ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಹಿಂದಿನಿಂದ ಯಾರೋ ಗುದ್ದಿದ ಹಾಗೆ ಜರ್ಕ್. ರಾಗಿಹೊಸಳ್ಳಿ ಹತ್ತಿರ ಬರುವಷ್ಟರಲ್ಲಿ ಮೂರನೇ ಗೇರಲ್ಲೇ ಸಿಕ್ಕಿಕೊಂಡಿತು. ಮೇಲೂ ಹೋಗುವುದಿಲ್ಲ, ಕೆಳಗೂ ಬರುವುದಿಲ್ಲ. ನಿಲ್ಲಿಸಿ, ಆಫ್ ಮಾಡಿ, ಐದು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಮತ್ತೆ ಸರಿ!

ಗಾಡಿ 2009ರ ಪೆಟ್ರೋಲ್ ಸೆಡಾನು. ಟಾರ್ಕ್ ಕನ್ವರ್ಟರ್ (ಇಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ಗೇರ್ ಬಾಕ್ಸಿಗೆ ದಾಟಿಸುವ ಭಾಗ) ಇರುವ 5 ಗೇರಿನ ಹಳೇ ಕಾಲದ ಆಟೋಮ್ಯಾಟಿಕ್. ಭಾವನದು, ಅಂದರೆ ನನ್ನ ಅಕ್ಕನ ಗಂಡನದು. ಹತ್ತು ವರ್ಷಕ್ಕಿಂತ ಜಾಸ್ತಿ ಕಾರವಾರದ ಕೋಡಿಬಾಗದಲ್ಲಿ, ಸಮುದ್ರದ ಗಾಳಿಯಲ್ಲೇ ನಿಂತಿತ್ತು. ಆಮೇಲೆ ಶಿರಸಿ ಕಡೆಯ ನಮ್ಮ ತೋಟದ ಮನೆಗೆ ಬಂತು. ಫೋನ್ ಮಾಡಿ ಕೇಳಿದರೆ ಭಾವ, "ನಂಗೆ ಯಾವತ್ತೂ ತೊಂದ್ರೆ ಕೊಟ್ಟಿದ್ದೇ ಇಲ್ಲೆ ಮಾರಾಯ" ಅಂದ. ತೋರಿಸಿದ ಮೊದಲ ಗ್ಯಾರೇಜಿನಲ್ಲಿ ಒಂದು ರೌಂಡು ಹೊಡೆದು ಬಂದು, "ಗೇರ್ ಬಾಕ್ಸ್ ಹೋಗಿದೆ ಸರ್, ಇಳಿಸಬೇಕು" ಅಂದರು. ಒಂದು ಲಕ್ಷದ ಹತ್ತಿರದ ಲೆಕ್ಕ. ಗಾಡಿಯ ಬೆಲೆಯೇ ಅಷ್ಟಿಲ್ಲ.

ಗೇರ್ ಬಾಕ್ಸ್ ಹೋಗಿರಲಿಲ್ಲ. ಎರಡು ಬೇರೆ ಬೇರೆ ಕಾಯಿಲೆ ಒಟ್ಟಿಗೆ ಬಂದಿದ್ದವು, ಒಂದು ಕಾರವಾರದ್ದು, ಇನ್ನೊಂದು ಶಿರಸಿಯದ್ದು. ಎರಡೂ ಗೇರ್ ಬಾಕ್ಸಿನ ಹೊರಗೇ ಇದ್ದವು. ಹಳೆ ಆಟೋಮ್ಯಾಟಿಕ್ ಗಾಡಿ ಇಟ್ಟುಕೊಂಡವರು ನಮ್ಮ ಕಡೆ ಈಗ ತುಂಬಾ ಜನ ಇದ್ದಾರೆ, ಸೆಕೆಂಡ್ ಹ್ಯಾಂಡಿನಲ್ಲಿ ಕಡಿಮೆಗೆ ಸಿಗುತ್ತವೆ ಅಲ್ವಾ. ಅವರಿಗೆ ಉಪಯೋಗ ಆಗಲಿ ಅಂತ ನೋಡಿದ್ದನ್ನೆಲ್ಲ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಬಂದ ಎಎಂಟಿ ಥರದ ಗಾಡಿಗಳನ್ನೂ ಜನ ಆಟೋಮ್ಯಾಟಿಕ್ ಅಂತಲೇ ಕರೆಯುತ್ತಾರೆ. ಅದರೊಳಗೆ ಇರುವುದು ಸಾಧಾರಣ ಗೇರ್ ಬಾಕ್ಸು, ಸಾಧಾರಣ ಕ್ಲಚ್ಚು. ಗೇರ್ ಹಾಕುವ ಕೆಲಸ ಮಾತ್ರ ಯಂತ್ರದ್ದು. ಅದರ ಕಾಯಿಲೆಗಳು ಬೇರೆ. ಗೇರುಗಳ ಬದಲು ಬೆಲ್ಟಿನ ಮೇಲೆ ಓಡುವ ಸಿವಿಟಿ ಇನ್ನೊಂದು ಜಾತಿ. ಇಲ್ಲಿ ಬರೆಯುತ್ತಿರುವುದು ಟಾರ್ಕ್ ಕನ್ವರ್ಟರ್ ಗಾಡಿಯ ಬಗ್ಗೆ. ಇಂಜಿನ್ ಮತ್ತು ಕರೆಂಟಿನ ಭಾಗ ಮಾತ್ರ ಎಲ್ಲದಕ್ಕೂ ಆಗುತ್ತದೆ.

ಮುಳ್ಳು ನೋಡಿ, ಲೆಕ್ಕ ಹಾಕಿ

ಗಾಡಿ ಎಳೆಯುತ್ತಿಲ್ಲ ಅಂದರೆ ಮೊದಲು ತಿಳಿಯಬೇಕಾದ್ದು ಒಂದೇ: ಇಂಜಿನ್ನಿಗೆ ಶಕ್ತಿ ಇಲ್ಲವೋ, ಶಕ್ತಿ ಇದ್ದೂ ಗೇರ್ ಬಾಕ್ಸ್ ಅದನ್ನು ಚಕ್ರಕ್ಕೆ ಮುಟ್ಟಿಸುತ್ತಿಲ್ಲವೋ? ಕೂತಲ್ಲಿ ಎರಡೂ ಒಂದೇ ಥರ ಅನಿಸುತ್ತದೆ. ಮುಳ್ಳು ನೋಡಿದರೆ ಬೇರೆ ಬೇರೆ.

ಪ್ರತಿ ಗೇರಿಗೂ ಒಂದು ಲೆಕ್ಕ ಇರುತ್ತದೆ, ಸಾವಿರ ಆರ್‌ಪಿಎಂಗೆ ಇಷ್ಟು ಕಿಲೋಮೀಟರ್ ಸ್ಪೀಡು ಅಂತ. ನನ್ನ ಗಾಡಿಯಲ್ಲಿ ಒಂದನೇ ಗೇರಿಗೆ ಸುಮಾರು 8, ಎರಡಕ್ಕೆ 15, ಮೂರಕ್ಕೆ 23, ನಾಲ್ಕಕ್ಕೆ 33, ಐದಕ್ಕೆ 45. ನಿಮ್ಮದಕ್ಕೆ ಬೇರೆ ಇರುತ್ತದೆ. ಗಾಡಿ ಸರಿ ಇರುವಾಗಲೇ ಸಮತಟ್ಟು ರಸ್ತೆಯಲ್ಲಿ ಓಡಿಸಿ, ಪಕ್ಕದಲ್ಲಿ ಕೂತವರಿಂದ ಬರೆಸಿ ಇಟ್ಟುಕೊಳ್ಳಿ. ಟಾರ್ಕ್ ಕನ್ವರ್ಟರ್ ಸ್ವಲ್ಪ ಜಾರುವುದು ಸಹಜ, ಅದರಲ್ಲೂ ನಿಧಾನ ಹೋಗುವಾಗ ಮತ್ತು ಜೋರಾಗಿ ಒತ್ತಿದಾಗ. ಹಾಗಾಗಿ ಹತ್ತಿರ ಹತ್ತಿರ ಬಂದರೆ ಸಾಕು.

ಈಗ ಘಟ್ಟದ ಲೆಕ್ಕಕ್ಕೆ ಬನ್ನಿ. 4,000 ಆರ್‌ಪಿಎಂ, ಸ್ಪೀಡು 32. ನಾಲ್ಕು ಎಂಟಲಿ ಮೂವತ್ತೆರಡು. ಅಂದರೆ ಗಾಡಿ ಸರಿಯಾಗಿ ಒಂದನೇ ಗೇರಿನಲ್ಲಿ ಇತ್ತು, ಎಲ್ಲೂ ಜಾರುತ್ತಿರಲಿಲ್ಲ! ಗೇರ್ ಬಾಕ್ಸ್ ಇಂಜಿನ್ ಕೊಟ್ಟಿದ್ದನ್ನೆಲ್ಲ ಚಕ್ರಕ್ಕೆ ಮುಟ್ಟಿಸುತ್ತಿತ್ತು. ಇಂಜಿನ್ ಕೊಡುತ್ತಿದ್ದುದೇ ಕಡಿಮೆ. ಘಟ್ಟದ ಬದಿಯಲ್ಲಿ ನಿಂತು ಈ ಲೆಕ್ಕ ಹಾಕಲು ನನಗೆ ಆವತ್ತು ಹೊಳೆಯಲಿಲ್ಲ, ಮನೆಗೆ ಬಂದು ರಾತ್ರಿ ಮಲಗಿದ ಮೇಲೆ ಹೊಳೆಯಿತು.

ಗೇರ್ ಜಾರುತ್ತಿದ್ದರೆ ಲೆಕ್ಕ ತಪ್ಪುತ್ತದೆ. ಮುಳ್ಳು ಏರುತ್ತದೆ, ಸ್ಪೀಡು ಹಿಂದೆ ಉಳಿಯುತ್ತದೆ. ಇಲ್ಲವೇ ಗೇರ್ ಬದಲಾಗುವ ಹೊತ್ತಿನಲ್ಲಿ ಮುಳ್ಳು ಒಮ್ಮೆ ಮೇಲೆ ಹಾರಿ ಕೆಳಗೆ ಬೀಳುತ್ತದೆ, ನ್ಯೂಟ್ರಲ್ಲಿಗೆ ಬಿದ್ದು ರೇಸ್ ಆದ ಹಾಗೆ. ಇನ್ನೊಂದು ಥರ ಇದೆ: ನಿಂತಲ್ಲಿಂದ ಹೊರಡುವಾಗ ಮುಳ್ಳೂ ಏರುವುದಿಲ್ಲ, ಗಾಡಿಯೂ ಏಳುವುದಿಲ್ಲ, ಆದರೆ 50 ದಾಟಿದ ಮೇಲೆ ಸರಿ ಓಡುತ್ತದೆ. ಇದು ಹೆಚ್ಚಾಗಿ ಲಿಂಪ್ ಮೋಡ್. ಕಂಪ್ಯೂಟರಿಗೆ ಏನೋ ಅನುಮಾನ ಬಂದಾಗ ಗೇರ್ ಬಾಕ್ಸನ್ನು ಉಳಿಸಲು ಒಂದೇ ಗೇರಿನಲ್ಲಿ ಕಟ್ಟಿ ಹಾಕುತ್ತದೆ, ಎಷ್ಟೋ ಗಾಡಿಗಳಲ್ಲಿ ಅದು ಮೂರನೇ ಗೇರು. ಆಫ್ ಮಾಡಿ ಆನ್ ಮಾಡಿದರೆ ಸರಿಯಾಗುವುದು ಇದಕ್ಕೇ. ಲಿಂಪ್ ಮೋಡ್ ಅಲ್ಲದಿದ್ದರೆ ಟಾರ್ಕ್ ಕನ್ವರ್ಟರಿನ ಒಳಗೆ ಒಂದೇ ಕಡೆ ತಿರುಗುವ ಒಂದು ಕ್ಲಚ್ ಇದೆ, ಅದು ಕೆಟ್ಟರೂ ಇದೇ ಲಕ್ಷಣ.

ಇಂಜಿನ್ನಿನ ತೊಂದರೆ ಗೇರ್ ಬಾಕ್ಸಿನ ವೇಷ ಹಾಕಿ ಬರುವುದು ಹೇಗೆ?

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಜನ ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಆಟೋಮ್ಯಾಟಿಕ್ ಗೇರ್ ಬಾಕ್ಸಿಗೆ ರಸ್ತೆ ಕಾಣುವುದಿಲ್ಲ. ಘಟ್ಟವೋ ಬಯಲೋ ಅದಕ್ಕೆ ಗೊತ್ತಿಲ್ಲ. ಥ್ರಾಟಲ್, ಅಂದರೆ ಇಂಜಿನ್ನಿಗೆ ಗಾಳಿ ಬಿಡುವ ಬಾಗಿಲು, ಎಷ್ಟು ತೆರೆದಿದೆ, ಗಾಡಿ ಎಷ್ಟು ಸ್ಪೀಡಿನಲ್ಲಿದೆ, ಮುಖ್ಯವಾಗಿ ಈ ಎರಡರ ಮೇಲೆಯೇ ಅದು ತೀರ್ಮಾನ ಮಾಡುವುದು. ಇಂಜಿನ್ನಿಗೆ ಶಕ್ತಿ ಕಮ್ಮಿಯಾದರೆ ನಾವು ಏನು ಮಾಡುತ್ತೇವೆ? ಇನ್ನೂ ಒತ್ತುತ್ತೇವೆ. ಥ್ರಾಟಲ್ ಜಾಸ್ತಿ ತೆರೆಯಿತು, ಸ್ಪೀಡು ಏರಲಿಲ್ಲ. ಗೇರ್ ಬಾಕ್ಸ್ ಇದನ್ನು ದೊಡ್ಡ ಏರು ಅಂತ ತಿಳಿದು ಗೇರ್ ಇಳಿಸುತ್ತದೆ, ಇಳಿಸಿದ್ದನ್ನು ಬೇಗ ಏರಿಸುವುದೂ ಇಲ್ಲ. ಜೊತೆಗೆ ಜೋರಾಗಿ ಒತ್ತಿದಷ್ಟೂ ಒಳಗಿನ ಆಯಿಲ್ ಪ್ರೆಶರ್ ಏರಿಸುತ್ತದೆ, ಕ್ಲಚ್ಚುಗಳು ಜಾರಬಾರದು ಅಂತ. ಪ್ರೆಶರ್ ಜಾಸ್ತಿಯಾದರೆ ಗೇರ್ ಬೀಳುವಾಗ ಗುದ್ದು ಜಾಸ್ತಿ. ಹೀಗೆ ಗೇರ್ ಬಾಕ್ಸ್ ಸರಿಯಾಗಿದ್ದೂ ತಡವಾಗಿ ಗೇರ್ ಬದಲಿಸುತ್ತದೆ, ಗುದ್ದುತ್ತದೆ, ಎರಡು ಮೂರರ ನಡುವೆ ಹಿಂದೆ ಮುಂದೆ ಆಡುತ್ತದೆ. ನೋಡಿದವರಿಗೆ ಗೇರ್ ಬಾಕ್ಸೇ ಹಾಳಾಗಿದೆ ಅನಿಸದೆ ಇರುತ್ತದಾ?

ಹಾಗಾಗಿ ಲೆಕ್ಕ ಸರಿ ಬಂದರೆ ಬಾನೆಟ್ ಎತ್ತಿ ಇಂಜಿನ್ನಿನಿಂದ ಶುರು ಮಾಡಿ. ಗಾಳಿ, ಕಿಡಿ, ಪೆಟ್ರೋಲು, ಹೊಗೆ ಹೋಗುವ ದಾರಿ, ಈ ನಾಲ್ಕು.

ನನಗೆ ಗಾಳಿಯಲ್ಲೇ ಸಿಕ್ಕಿತು. ಏರ್ ಫಿಲ್ಟರ್ ಡಬ್ಬಿಯ ನಾಲ್ಕು ಕ್ಲಿಪ್ ಬಿಚ್ಚಿ ಮುಚ್ಚಳ ಎತ್ತಿದರೆ ಮೇಲಿನಿಂದ ಫಿಲ್ಟರ್ ಪರವಾಗಿಲ್ಲ ಅನ್ನುವ ಹಾಗೆ ಇತ್ತು. ಅಲ್ಲಿಗೇ ಬಿಟ್ಟಿದ್ದರೆ ಸಿಗುತ್ತಿರಲಿಲ್ಲ. ಫಿಲ್ಟರನ್ನೇ ಎತ್ತಿ ತೆಗೆದೆ. ಕೆಳಗಿನ ಡಬ್ಬಿ ತುಂಬಾ ಒಣಗಿದ ಅಡಿಕೆ ಸಿಪ್ಪೆಯ ನಾರು, ದರಕು, ಸೀಟಿನ ಸ್ಪಂಜಿನ ಚೂರು, ಒಂದು ಕಡೆ ಸಣ್ಣಗೆ ಕತ್ತರಿಸಿದ ಅಡಿಕೆ ಚೀಲದ ಎಳೆಗಳು. ಇಲಿ ಗೂಡು! ಕೈಯಲ್ಲಿ ಹಿಡಿದರೆ ಒಂದು ಬೊಗಸೆಗಿಂತ ಜಾಸ್ತಿ. ಫಿಲ್ಟರಿನ ಅಡಿಭಾಗ ಒದ್ದೆಯಾಗಿ ಕಪ್ಪಾಗಿತ್ತು, ಅರ್ಧ ಭಾಗದಿಂದ ಗಾಳಿ ಹೋಗುವ ಹಾಗೇ ಇರಲಿಲ್ಲ. ಮಳೆಗಾಲದಲ್ಲಿ ಬೆಚ್ಚಗಿನ ಇಂಜಿನ್ ಇಲಿಗೆ ಒಳ್ಳೆ ಜಾಗ. ಗಾಡಿ ನಿಲ್ಲಿಸುತ್ತಿದ್ದುದು ಅಡಿಕೆ ಸುಲಿಯುವ ಮಾಡಿನ ಪಕ್ಕ, ಸಾಮಾನು ಅಲ್ಲೇ ಸಿಗುತ್ತದೆ.

ಇದಕ್ಕೆ ಚೆಕ್ ಲೈಟ್ ಬಂದಿರಲಿಲ್ಲ. ಯಾಕೆಂದರೆ ಗಾಳಿ ಕಮ್ಮಿ ಬಂದರೆ ಕಂಪ್ಯೂಟರ್ ಪೆಟ್ರೋಲನ್ನೂ ಅಷ್ಟಕ್ಕೆ ಕಮ್ಮಿ ಮಾಡುತ್ತದೆ, ಅದರ ಲೆಕ್ಕದಲ್ಲಿ ಎಲ್ಲ ಸರಿ ಇದೆ. ಲೈಟ್ ಇಲ್ಲ ಅಂದ ಮಾತ್ರಕ್ಕೆ ಇಂಜಿನ್ ಸರಿ ಇದೆ ಅಂತ ತಿಳಿಯಬೇಡಿ. ಗೂಡು ಸಿಕ್ಕಿದರೆ ಬರಿಗೈ ಹಾಕಬೇಡಿ. ಗ್ಲೌಸ್ ಹಾಕಿ, ಮೂಗಿಗೆ ಬಟ್ಟೆ ಕಟ್ಟಿ. ಇಲಿಯ ಉಚ್ಚೆಯಿಂದ ಇಲಿ ಜ್ವರ ಬರುತ್ತದೆ. ಅಲ್ಲೇ ಅಕ್ಕಪಕ್ಕದ ವಯರುಗಳನ್ನೂ ಬೆರಳಲ್ಲಿ ಸವರಿ ನೋಡಿ, ಕಡಿದಿದ್ದರೆ ಸಿಗುತ್ತದೆ.

ಕಿಡಿಯ ವಿಷಯ. ಸ್ಪಾರ್ಕ್ ಪ್ಲಗ್, ಕಾಯಿಲ್ ಸೋತಿದ್ದರೆ ಬಯಲಲ್ಲಿ ಗೊತ್ತಾಗುವುದಿಲ್ಲ, ಏರಿನಲ್ಲಿ ಲೋಡ್ ಬಿದ್ದಾಗಲೇ ಮಿಸ್ಸಿಂಗ್ ಶುರುವಾಗುತ್ತದೆ. ಮಳೆಯಲ್ಲಿ ಇನ್ನೂ ಜಾಸ್ತಿ. ಚೆಕ್ ಲೈಟ್ ಮಿಣುಕುತ್ತಿದ್ದರೆ ಜೋರು ಮಿಸ್ಸಿಂಗ್ ಆಗುತ್ತಿದೆ ಅಂತ ಅರ್ಥ, ಹಾಗೇ ಓಡಿಸಿದರೆ ಸೈಲೆನ್ಸರಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟು ಹೋಗುತ್ತದೆ. ಆ ಕನ್ವರ್ಟರ್ ಒಳಗೆ ಕಟ್ಟಿಕೊಂಡಿದ್ದರೂ ಗಾಡಿ ಎಳೆಯುವುದಿಲ್ಲ. ನಿಂತಲ್ಲಿ ರೇಸ್ ಕೊಟ್ಟರೆ ಮೊದಲು ಏರಿ ಆಮೇಲೆ ಮುಳ್ಳು ತಾನಾಗಿ ಇಳಿಯುವುದು, ಸೈಲೆನ್ಸರ್ ಬಾಯಿಯಲ್ಲಿ ಗಾಳಿಯ ರಭಸ ಇಲ್ಲದಿರುವುದು ಇದರ ಗುರುತು. ಪೆಟ್ರೋಲಿಗೆ ಪಂಪಿನ ಪ್ರೆಶರ್ ಗೇಜ್ ಹಾಕಿಸಿ ನೋಡಬೇಕು, ಅದು ಗ್ಯಾರೇಜಿನ ಕೆಲಸ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಜಾಸ್ತಿ, ಅದು ನೀರು ಹೀರುತ್ತದೆ. ಮಳೆಗಾಲ ಪೂರ್ತಿ ಅರ್ಧ ಟ್ಯಾಂಕಿನಲ್ಲಿ ಸುಮ್ನೆ ನಿಂತ ಗಾಡಿಯಾದರೆ ಮೊದಲು ಆ ಪೆಟ್ರೋಲನ್ನೇ ಅನುಮಾನಿಸಿ.

ಗೂಡು ತೆಗೆದು ಹೊಸ ಫಿಲ್ಟರ್ ಹಾಕಿ, ಥ್ರಾಟಲ್ ಬಾಡಿಯ ಕಾರ್ಬನ್ ಒರೆಸಿದೆ. ಪಿಕಪ್ ಬಂತು. ಆದರೆ ಎರಡು ಮೂರರ ನಡುವಿನ ಗುದ್ದು ಪೂರ್ತಿ ಹೋಗಲಿಲ್ಲ, ಮೂರನೇ ದಿನ ಮಳೆಯಲ್ಲಿ ಮತ್ತೆ ಮೂರನೇ ಗೇರಲ್ಲಿ ಸಿಕ್ಕಿಕೊಂಡಿತು.

ಆಯಿಲ್ ಏನು ಹೇಳುತ್ತದೆ

ಇಂಜಿನ್ ಆಯಿಲ್ ಅಲ್ಲ, ಆಟೋಮ್ಯಾಟಿಕ್ ಗೇರ್ ಬಾಕ್ಸಿಗೇ ಇರುವ ಆಯಿಲ್, ಎಟಿಎಫ್ ಅಂತಾರೆ. ಇದನ್ನು ನೋಡುವ ಕ್ರಮ ಗಾಡಿಗೊಂದು ಥರ. ಕೆಲವದರಲ್ಲಿ ಇಂಜಿನ್ ಓಡುತ್ತಿರುವಾಗಲೇ ನೋಡಬೇಕು, ಕೆಲವದರಲ್ಲಿ ಬಿಸಿ ಮಾಡಿ ಆಫ್ ಮಾಡಿದ ಒಂದು ಒಂದೂವರೆ ನಿಮಿಷದೊಳಗೆ ನೋಡಬೇಕು, ಕೆಲವದರಲ್ಲಿ ಆಯಿಲ್ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್ಕೇ ಇಲ್ಲ. ಗಾಡಿಯ ಪುಸ್ತಕದಲ್ಲಿ ಇರುವ ಹಾಗೇ ಮಾಡಿ. ತಪ್ಪು ಕ್ರಮದಲ್ಲಿ ನೋಡಿ ಕಮ್ಮಿ ಇದೆ ಅಂತ ಜಾಸ್ತಿ ಸುರಿದರೆ ನೊರೆ ಬಂದು ಅದರಿಂದಲೇ ಗೇರ್ ಜಾರುತ್ತದೆ. ಗಾಡಿ ಸಮತಟ್ಟಾಗಿ ನಿಂತಿರಬೇಕು, ನಮ್ಮ ಕಡೆಯ ಮನೆ ಅಂಗಳಗಳಲ್ಲಿ ಇದೇ ಕಷ್ಟ.

ಡಿಪ್‌ಸ್ಟಿಕ್ಕಿನ ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬಿಟ್ಟು ಹತ್ತು ನಿಮಿಷ ಇಡಿ. ಕೆಂಪಗೆ ಅಗಲವಾಗಿ ಹರಡಿದರೆ ಚೆನ್ನಾಗಿದೆ. ಕಂದು ಬಣ್ಣ ಆಗಿದ್ದರೆ ಹಳತಾಗಿದೆ. ಕಪ್ಪಗಾಗಿ, ನಡುವೆ ಕಾಡಿಗೆಯಂಥ ಪುಡಿ ಉಳಿದು, ಸುಟ್ಟ ವಾಸನೆ ಬಂದರೆ ಒಳಗಿನ ಕ್ಲಚ್ ಸವೆದಿದೆ. ರೋಸ್ ಮಿಲ್ಕ್ ಬಣ್ಣ ಬಂದಿದ್ದರೆ ನೀರು ಸೇರಿದೆ. ಎಷ್ಟೋ ಗಾಡಿಗಳಲ್ಲಿ ಗೇರ್ ಆಯಿಲ್ ತಣ್ಣಗಾಗುವುದು ರೇಡಿಯೇಟರಿನ ಒಳಗಿನ ಕೊಳವೆಯಲ್ಲಿ, ಅದು ತುಕ್ಕು ಹಿಡಿದು ತೂತಾದರೆ ಕೂಲಂಟ್ ಒಳಗೆ ಬರುತ್ತದೆ. ಹೆದ್ದಾರಿಯಲ್ಲಿ ನೀರು ನಿಂತಲ್ಲಿ ಬಿಸಿ ಗಾಡಿ ನುಗ್ಗಿಸಿದರೆ ಗೇರ್ ಬಾಕ್ಸಿನ ಗಾಳಿ ರಂಧ್ರದಿಂದಲೂ ನೀರು ಎಳೆದುಕೊಳ್ಳುತ್ತದೆ. ಈ ಬಣ್ಣ ಕಂಡರೆ ಒಂದು ಕಿಲೋಮೀಟರೂ ಓಡಿಸಬೇಡಿ. ಕ್ಲಚ್ ಪ್ಲೇಟಿನ ಅಂಟು ನೀರಿಗೆ ಬಿಟ್ಟುಕೊಳ್ಳುತ್ತದೆ.

ನನ್ನದು ಕಂದು ಬಣ್ಣ, ಸುಟ್ಟ ವಾಸನೆ ಇಲ್ಲ, ಲೆವೆಲ್ ಸರಿ. ಅಂದರೆ ಒಳಗೆ ದೊಡ್ಡದೇನೂ ಆಗಿಲ್ಲ. ಬದಲಿಸಿದೆ. ಒಮ್ಮೆ ಇಳಿಸಿದರೆ ಮೂರನೇ ಒಂದು ಭಾಗದಿಂದ ಅರ್ಧದಷ್ಟೇ ಹೊರಗೆ ಬರುತ್ತದೆ, ಉಳಿದದ್ದು ಟಾರ್ಕ್ ಕನ್ವರ್ಟರಿನಲ್ಲೇ ಇರುತ್ತದೆ. ಹಾಗಾಗಿ ನಡುವೆ ಕೆಲವು ದಿನ ಓಡಿಸಿ ಮೂರು ಸಲ ಇಳಿಸಿ ತುಂಬಿದೆ. ಹಳೆ ಗೇರ್ ಬಾಕ್ಸಿಗೆ ಮಷಿನ್ ಹಾಕಿ ಪ್ರೆಶರಿನಲ್ಲಿ ತೊಳೆಸುವುದು ನನಗೆ ಸರಿ ಕಾಣುವುದಿಲ್ಲ, ಕೂತ ಕಸ ಎದ್ದು ಸಣ್ಣ ದಾರಿಗಳಲ್ಲಿ ಸಿಕ್ಕಿಕೊಳ್ಳಬಹುದು. ಪುಸ್ತಕದಲ್ಲಿ ಬರೆದ ಜಾತಿಯ ಆಯಿಲನ್ನೇ ಹಾಕಿ. "ಎಲ್ಲದಕ್ಕೂ ಆಗ್ತದೆ" ಅನ್ನುವುದನ್ನು ಹಾಕಬೇಡಿ. ಕೆಳಗೆ ನುಗ್ಗುವವರು ಜಾಕ್ ಒಂದರ ಭರವಸೆಯಲ್ಲಿ ನುಗ್ಗಬೇಡಿ, ಚಿರೆಕಲ್ಲು ಇಟ್ಟು ನಿಲ್ಲಿಸುವುದಂತೂ ಬೇಡವೇ ಬೇಡ, ಅದು ಭಾರಕ್ಕೆ ಒಡೆಯುತ್ತದೆ.

ಸ್ಕ್ಯಾನರ್, ಆಮೇಲೆ ಅರ್ತ್ ವಯರು

ಸ್ಟಿಯರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಹಾಕುವ ಬ್ಲೂಟೂತ್ ಸ್ಕ್ಯಾನರ್ ಈಗ ಕಡಿಮೆಗೆ ಸಿಗುತ್ತದೆ. ಅದರಲ್ಲಿ ನನಗೆ ಬಂದದ್ದು ಪಿ0700. ಇದೇ ದೋಷ ಅಂತ ತಿಳಿಯಬೇಡಿ. ಗೇರ್ ಬಾಕ್ಸಿನ ಕಂಪ್ಯೂಟರ್ ಏನನ್ನೋ ಬರೆದಿಟ್ಟಿದೆ, ಅಲ್ಲಿ ಹೋಗಿ ಓದಿ ಅಂತಷ್ಟೇ ಇದರ ಅರ್ಥ. ಕಡಿಮೆ ಬೆಲೆಯ ಎಷ್ಟೋ ಸ್ಕ್ಯಾನರಿಗೆ ಅಲ್ಲಿಯ ತನಕ ಹೋಗಲು ಬರುವುದಿಲ್ಲ. ದೊಡ್ಡ ಸ್ಕ್ಯಾನರ್ ಇದ್ದ ಇನ್ನೊಂದು ಗ್ಯಾರೇಜಿನಲ್ಲಿ ನೋಡಿಸಿದಾಗ ಪಿ0720 ಬಂತು. ಗೇರ್ ಬಾಕ್ಸಿನಿಂದ ಹೊರಗೆ ಹೋಗುವ ಶಾಫ್ಟಿನ ಸ್ಪೀಡ್ ಸೆನ್ಸರಿನ ಸರ್ಕ್ಯೂಟ್. ಪಿ0730 ಬಂದರೆ ಗೇರಿನ ಲೆಕ್ಕ ತಪ್ಪುತ್ತಿದೆ, ಅದು ಗಂಭೀರ. ಪಿ0741 ಬಂದರೆ ಟಾರ್ಕ್ ಕನ್ವರ್ಟರಿನ ಲಾಕ್, ಅಂದರೆ ಅದು ಜಾರದ ಹಾಗೆ ಇಂಜಿನ್ನನ್ನೂ ಗೇರ್ ಬಾಕ್ಸನ್ನೂ ನೇರವಾಗಿ ಜೋಡಿಸುವ ಕ್ಲಚ್, ಹಿಡಿಯುತ್ತಿಲ್ಲ.

ಅಲ್ಲಿಯವರು ಸೆನ್ಸರ್ ಬದಲಿಸೋಣ ಅಂದರು. ನನಗೆ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿತ್ತು. ಸಿಕ್ಕಿಕೊಂಡ ಎರಡೂ ಸಲ ಮಳೆ ಇತ್ತು. ಮಳೆ ಅಂದರೆ ಏನು? ವೈಪರ್ ಆನ್, ಹೆಡ್‌ಲೈಟ್ ಆನ್, ಗಾಜು ಮಂಜಾಗುತ್ತದೆ ಅಂತ ಎಸಿ ಆನ್, ಹಿಂದಿನ ಗಾಜಿನ ಹೀಟರ್ ಆನ್. ಬಿಸಿಲಿನ ದಿನ ಇದೇ ಗಾಡಿ ಶಿರಸಿಯಿಂದ ಯಲ್ಲಾಪುರಕ್ಕೆ ಹೋಗಿ ಬಂದರೂ ತೊಂದರೆ ಇಲ್ಲ. ಜೊತೆಗೆ ಬೆಳಿಗ್ಗೆ ಸೆಲ್ಫ್ ನಿಧಾನ ತಿರುಗುತ್ತಿತ್ತು, ಅದಕ್ಕೆ ಭಾವ ಹಿಂದಿನ ವರ್ಷವೇ ಹೊಸ ಬ್ಯಾಟರಿ ಹಾಕಿಸಿದ್ದ. ಹಾಕಿಸಿದರೂ ಸೆಲ್ಫ್ ಹಾಗೇ ಇತ್ತು.

ಸಾಧಾರಣ ಮಲ್ಟಿಮೀಟರ್ ಸಾಕು, ಈ ಪರೀಕ್ಷೆ ನೀವೇ ಮಾಡಬಹುದು. ಮೊದಲು ಬ್ಯಾಟರಿ: ರಾತ್ರಿ ನಿಂತ ಗಾಡಿಯಲ್ಲಿ 12.6 ವೋಲ್ಟ್ ಹತ್ತಿರ, ಇಂಜಿನ್ ಓಡುವಾಗ 13.8ರಿಂದ 14.5ರ ಒಳಗೆ ಇರಬೇಕು. ನನ್ನದು ಎರಡೂ ಸರಿ. ಇಲ್ಲಿಗೆ ನಿಲ್ಲಿಸಬೇಡಿ. ಇಂಜಿನ್ ಓಡುತ್ತಿರಲಿ, ಲೈಟು, ಎಸಿ, ವೈಪರ್, ಹೀಟರ್ ಎಲ್ಲ ಹಾಕಿ. ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೇ ಒತ್ತಿ, ಟರ್ಮಿನಲ್ಲಿನ ಕ್ಲ್ಯಾಂಪಿಗೆ ಅಲ್ಲ. ಕೆಂಪು ಕಡ್ಡಿಯನ್ನು ಗೇರ್ ಬಾಕ್ಸಿನ ಬರಿ ಲೋಹಕ್ಕೆ ಒತ್ತಿ. ಸಡಿಲ ಅಂಗಿ ತೋಳು, ಶಾಲು ಫ್ಯಾನಿನ ಹತ್ತಿರ ಬೇಡ. ಎರಡೂ ನೆಗೆಟಿವ್ ಜಾಗ, ಹಾಗಾಗಿ ಮೀಟರ್ ಸೊನ್ನೆಯ ಹತ್ತಿರ ಇರಬೇಕು, 0.2ರ ಒಳಗೆ. ನನಗೆ 0.9 ಬಂತು! ಅಂದರೆ ಗೇರ್ ಬಾಕ್ಸ್ ಅರ್ತ್ ಅಂತ ತಿಳಿದದ್ದು ಅರ್ತೇ ಅಲ್ಲ. ಒಂದು ವೋಲ್ಟಿನ ಹತ್ತಿರ ದಾರಿಯಲ್ಲೇ ಬಿದ್ದು ಹೋಗುತ್ತಿದೆ. ಸೆನ್ಸರಿನ ಸಣ್ಣ ಸಿಗ್ನಲ್ ಇದರಲ್ಲಿ ಕಲಸಿಹೋಗುತ್ತದೆ. ಪ್ರೆಶರ್ ಹಿಡಿಯುವ ಸೊಲೆನಾಯ್ಡಿಗೆ (ಕರೆಂಟಿನಿಂದ ಓಡುವ ವಾಲ್ವಿಗೆ) ಕರೆಂಟ್ ಕಮ್ಮಿಯಾದರೆ ಎಷ್ಟೋ ಗೇರ್ ಬಾಕ್ಸುಗಳಲ್ಲಿ ಪ್ರೆಶರ್ ಏರುತ್ತದೆ. ಗುದ್ದು ಬರುತ್ತಿದ್ದುದು ಅದಕ್ಕೇ.

ಬ್ಯಾಟರಿಯಿಂದ ಗೇರ್ ಬಾಕ್ಸಿಗೆ ಹೋಗುವ ಅರ್ತ್ ವಯರು ಹೊರಗಿನಿಂದ ನೋಡಿದರೆ ಏನೂ ಆಗಿಲ್ಲ. ಕಪ್ಪು ಪ್ಲಾಸ್ಟಿಕ್, ಬೋಲ್ಟು ಬಿಗಿ. ಬಿಚ್ಚಿ ಬಗ್ಗಿಸಿದಾಗ ತುದಿಯ ಹತ್ತಿರ ಕರಕರ ಸದ್ದು. ಪ್ಲಾಸ್ಟಿಕ್ ಸೀಳಿದರೆ ಒಳಗೆ ತಾಮ್ರದ ಎಳೆಗಳೆಲ್ಲ ಹಸಿರು ಹುಡಿ. ಬೆರಳಲ್ಲಿ ತಿಕ್ಕಿದರೆ ಉದುರುತ್ತದೆ. ಗಟ್ಟಿಯಾಗಿ ಉಳಿದದ್ದು ಎಣಿಸಿದರೆ ಹತ್ತು ಹನ್ನೆರಡು ಎಳೆ, ಉಳಿದವೆಲ್ಲ ಕಪ್ಪಾಗಿ ಮುರಿದಿದ್ದವು. ಕೋಡಿಬಾಗದ ಉಪ್ಪು ಗಾಳಿ ವರ್ಷಗಟ್ಟಲೆ ಆ ತುದಿಯಿಂದ ಒಳಗೆ ನುಗ್ಗಿ ಮಾಡಿದ ಕೆಲಸ ಅದು. ಹೊಸ ವಯರು, ಎರಡೂ ತುದಿಗೆ ಒತ್ತಿದ ಲಗ್ಗು, ಬೋಲ್ಟು ಕೂರುವ ಜಾಗ ಸ್ಯಾಂಡ್‌ಪೇಪರ್ ಹಾಕಿ ಬೆಳ್ಳಗಾಗುವ ತನಕ ತಿಕ್ಕಿ, ಬಿಗಿ ಮಾಡಿದ ಮೇಲೆ ಮೇಲಿನಿಂದ ಗ್ರೀಸ್. ಸಾವಿರ ರೂಪಾಯಿಯ ಒಳಗೆ ಮುಗಿಯಿತು. ಮೀಟರಿನಲ್ಲಿ 0.06. ಸೆಲ್ಫ್ ಕೂಡ ಅವತ್ತಿನಿಂದ ಒಂದೇ ಏಟಿಗೆ ತಿರುಗುತ್ತದೆ. ಸೆನ್ಸರ್ ಬದಲಿಸುವ ಪ್ರಸಂಗವೇ ಬರಲಿಲ್ಲ. ಕೋಡ್ ಅಳಿಸಿದ ಮೇಲೆ ಪಿ0720 ಮತ್ತೆ ಬಂದಿಲ್ಲ.

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ ಕಡೆ ಹಳೆ ಗಾಡಿ ಕೊಳ್ಳುವವರು ದಯವಿಟ್ಟು ಇದೊಂದು ಪರೀಕ್ಷೆ ಮಾಡಿಸದೆ ದುಡ್ಡು ಕೊಡಬೇಡಿ.

ಬ್ಯಾಟರಿ ಕಳಚಿದ ಮೇಲೆ ಕಂಪ್ಯೂಟರ್ ಕಲಿತದ್ದು ಮರೆತು ಹೋಗಿ ಕೆಲವು ದಿನ ಗೇರ್ ಒರಟಾಗಿ ಬೀಳಬಹುದು. ಹೆದರಬೇಡಿ, ಹದವಾಗಿ ಓಡಿಸಿದರೆ ತಾನೇ ಸರಿಯಾಗುತ್ತದೆ.

ಸಣ್ಣ ಸಣ್ಣವು

ಟಾಪ್ ಗೇರ್ ಬೀಳುತ್ತಲೇ ಇಲ್ಲ ಅಂದರೆ ಟೆಂಪರೇಚರ್ ಮುಳ್ಳು ನೋಡಿ. ಥರ್ಮೋಸ್ಟಾಟ್ ತೆರೆದೇ ಉಳಿದು ಇಂಜಿನ್ ಬಿಸಿಯಾಗದಿದ್ದರೆ ಎಷ್ಟೋ ಹಳೆ ಗಾಡಿಗಳು ಟಾಪ್ ಗೇರನ್ನೂ ಕನ್ವರ್ಟರ್ ಲಾಕನ್ನೂ ಕೊಡುವುದಿಲ್ಲ. ಬ್ರೇಕ್ ಪೆಡಲಿನ ಸ್ವಿಚ್ ಕೆಟ್ಟು ಬ್ರೇಕ್ ಲೈಟ್ ಉರಿಯುತ್ತಲೇ ಇದ್ದರೂ ಲಾಕ್ ಹಿಡಿಯುವುದಿಲ್ಲ, ರಾತ್ರಿ ಗೋಡೆಗೆ ಹಿಂದು ಮಾಡಿ ನಿಲ್ಲಿಸಿ ನೋಡಿದರೆ ಗೊತ್ತಾಗುತ್ತದೆ. ಪಾರ್ಕಿನಿಂದ ಡಿ ಅಥವಾ ರಿವರ್ಸಿಗೆ ಹಾಕಿದಾಗ ಧಡ್ ಅಂದರೆ ಇಂಜಿನ್ ಮೌಂಟಿನ ರಬ್ಬರ್ ಹೋಗಿರುವುದೇ ಜಾಸ್ತಿ. ಒಬ್ಬರು ಬ್ರೇಕ್ ಗಟ್ಟಿ ಒತ್ತಿ ಹ್ಯಾಂಡ್‌ಬ್ರೇಕ್ ಎಳೆದು ಗೇರ್ ಬದಲಿಸಲಿ, ಇನ್ನೊಬ್ಬರು ಬದಿಯಲ್ಲಿ ನಿಂತು ಬಾನೆಟ್ ಒಳಗೆ ಇಂಜಿನ್ ಎಷ್ಟು ಹಾರುತ್ತದೆ ನೋಡಲಿ. ಮುಂದೆ ನಿಲ್ಲಬೇಡಿ.

ಬ್ರೇಕ್ ಒತ್ತಿ ಡಿಯಲ್ಲಿ ಫುಲ್ ರೇಸ್ ಕೊಡುವ ಸ್ಟಾಲ್ ಪರೀಕ್ಷೆ ಅಂತ ಒಂದಿದೆ. ಆರ್‌ಪಿಎಂ ಕಂಪನಿ ಹೇಳಿದ್ದಕ್ಕಿಂತ ಮೇಲೆ ಹೋದರೆ ಕ್ಲಚ್ ಜಾರುತ್ತಿದೆ, ಕೆಳಗೇ ನಿಂತರೆ ಇಂಜಿನ್ ಸೋತಿದೆ ಇಲ್ಲವೇ ಕನ್ವರ್ಟರ್ ಕೆಟ್ಟಿದೆ. ಐದು ಸೆಕೆಂಡಿಗಿಂತ ಜಾಸ್ತಿ ಮಾಡಿದರೆ ಆಯಿಲ್ ಕುದಿಯುತ್ತದೆ. ಉಪ್ಪು ಗಾಳಿಗೆ ತುಕ್ಕು ಹಿಡಿದ ಬ್ರೇಕಿನ ಗಾಡಿಯಲ್ಲಿ ಇದನ್ನು ಮನೆಯಲ್ಲಿ ಮಾಡಬೇಡಿ.

ನಿಜವಾಗಿ ಗೇರ್ ಬಾಕ್ಸೇ ಹೋಗಿದ್ದರೆ

ಅದೂ ಆಗುತ್ತದೆ. ಆಯಿಲ್ ಕಪ್ಪು, ಸುಟ್ಟ ವಾಸನೆ, ಗೇರ್ ಬಾಕ್ಸಿನ ಅಡಿಯ ಆಯಿಲ್ ತಟ್ಟೆಯ (ಸಂಪಿನ) ಮ್ಯಾಗ್ನೆಟ್ಟಿನಲ್ಲಿ ಸಣ್ಣ ಬೂದಿಯಂಥ ಪುಡಿ ಅಲ್ಲದೆ ಲೋಹದ ಚೂರು, ಯಾವುದೋ ಒಂದು ಗೇರಿನಲ್ಲಿ ಮಾತ್ರ ಯಾವಾಗಲೂ ಲೆಕ್ಕ ತಪ್ಪುವುದು, ಡಿಗೆ ಹಾಕಿ ಎರಡು ಮೂರು ಸೆಕೆಂಡ್ ಆದರೂ ಹಿಡಿಯದಿರುವುದು, ರಿವರ್ಸ್ ಇಲ್ಲದಿರುವುದು. ಇವೆಲ್ಲ ಒಟ್ಟಿಗೆ ಇದ್ದರೆ ಬಿಚ್ಚಿಸದೆ ದಾರಿ ಇಲ್ಲ. ಆಗಲೂ ಗೇರ್ ಬಾಕ್ಸಿನೊಳಗಿನ ಆಯಿಲ್ ಪ್ರೆಶರ್ (ಲೈನ್ ಪ್ರೆಶರ್) ಗೇಜ್ ಹಾಕಿ ನೋಡಿದ್ದೀರಾ ಅಂತ ಕೇಳಿ. ನೋಡದೆ ಇಳಿಸುತ್ತೇವೆ ಅನ್ನುವವರ ಹತ್ತಿರ ಕೊಡಬೇಡಿ. 60-70ರಲ್ಲಿ ಹದವಾಗಿ ಹೋಗುವಾಗ ಸಣ್ಣ ಉಬ್ಬುಗಳ ಮೇಲೆ ಹೋದ ಹಾಗೆ ನಡುಗುವುದು ಕನ್ವರ್ಟರ್ ಲಾಕಿನದು, ಅದಕ್ಕೆ ಎಷ್ಟೋ ಸಲ ಸರಿಯಾದ ಹೊಸ ಆಯಿಲ್ ಸಾಕಾಗುತ್ತದೆ.

ಘಟ್ಟದಲ್ಲಿ ಗಾಡಿ ಹಠ ಹಿಡಿದರೆ ಒತ್ತಿ ಒತ್ತಿ ಹತ್ತಿಸಬೇಡಿ. ಏರಿನಲ್ಲಿ ನಿಧಾನ ಹೋಗುವಾಗ ಕನ್ವರ್ಟರ್ ಲಾಕ್ ಆಗಿರುವುದಿಲ್ಲ, ಶಕ್ತಿಯಲ್ಲಿ ಒಂದಷ್ಟು ಆಯಿಲ್ ಬಿಸಿ ಮಾಡಲು ಹೋಗುತ್ತದೆ, 120 ಡಿಗ್ರಿ ದಾಟಿದರೆ ಆಯಿಲ್ ಬೇಗ ಕೆಡುತ್ತದೆ. ಡಿ3 ಅಥವಾ 2ಕ್ಕೆ ಹಾಕಿ, ಅಥವಾ ಓವರ್‌ಡ್ರೈವ್ ಬಟನ್ ಆಫ್ ಮಾಡಿ, ಒಂದೇ ಗೇರಿನಲ್ಲಿ ಹತ್ತಿ. ಅಗಲ ಇರುವಲ್ಲಿ ನಿಲ್ಲಿಸಿ ಪಾರ್ಕಿನಲ್ಲಿ ಇಂಜಿನ್ ಓಡಲು ಬಿಡಿ, ಆಯಿಲ್ ತಿರುಗುತ್ತಾ ತಣ್ಣಗಾಗುತ್ತದೆ. ಅರಬೈಲ್ ಘಟ್ಟ ಇಳಿಯುವಾಗಲೂ 2ರಲ್ಲೇ ಇಳಿಯಿರಿ, ನ್ಯೂಟ್ರಲ್ ಬೇಡ. ಗಾಡಿ ಪೂರ್ತಿ ನಿಂತರೆ ಹಗ್ಗ ಕಟ್ಟಿ ಎಳೆಸಬೇಡಿ. ಇಂಜಿನ್ ಆಫ್ ಇದ್ದರೆ ಗೇರ್ ಬಾಕ್ಸಿನ ಪಂಪ್ ಓಡುವುದಿಲ್ಲ, ಒಳಗೆ ಆಯಿಲ್ ಇಲ್ಲದೆ ತಿರುಗಿ ತಿರುಗಿ ಸುಟ್ಟು ಹೋಗುತ್ತದೆ. ಲಾರಿಯ ಮೇಲೆ ಏರಿಸಿಕೊಂಡು ಹೋಗುವ ಗಾಡಿಯನ್ನೇ ಕರೆಸಿ, ದುಬಾರಿ ಆದರೂ.

ಎಲ್ಲ ಆದ ಮೇಲೆ ಬೇಕೆಂತಲೇ ಒಂದು ಮಳೆಯ ಸಂಜೆ ಕುಮಟಾಕ್ಕೆ ಹೋಗಿ ಬಂದೆ. ಲೈಟು, ಎಸಿ, ವೈಪರ್, ಹೀಟರ್ ಎಲ್ಲ ಹಾಕಿದ್ದೆ. ಅದೇ ಮೂರನೇ ತಿರುವು. ಎರಡನೇ ಗೇರು, ಮುಳ್ಳು 2,600, ಸ್ಪೀಡು 39, ಎಕ್ಸಲರೇಟರ್ ಮೂರನೇ ಒಂದು ಭಾಗವೂ ಒತ್ತಿರಲಿಲ್ಲ. ಈಗ ಉಳಿದಿರುವುದು ಒಂದೇ. ಬೆಳಿಗ್ಗೆ ತಣ್ಣಗಿರುವಾಗ ರಿವರ್ಸ್ ಹಿಡಿಯಲು ಒಂದು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಬೇಕು. ಒಳಗಿನ ಸೀಲುಗಳು ಗಟ್ಟಿಯಾಗಿರಬಹುದು, ವಯಸ್ಸಾಗಿದೆ ಅಲ್ವಾ. ವಾರಕ್ಕೊಮ್ಮೆ ಎಣಿಸಿ ಡೈರಿಯಲ್ಲಿ ಬರೆದಿಡುತ್ತಿದ್ದೇನೆ.